ಸೊಲ್ಲಾಪುರದ ಜಯದೇವಿತಾಯಿ

ಬೆಂಗಳೂರಿನ ದಂಡಿನ ಪ್ರದೇಶವು 1947ರಲ್ಲಿ ಮೈಸೂರಿಗೆ ಮರಳಿತಾದರೂ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ತಮಿಳು, ಉರ್ದು, ಇಂಗ್ಲಿಷುಗಳ ನಡುವೆ ಕನ್ನಡವೂ ಒಂದಾಗಿ ಕೇಳಿಬರುವುದು ವಾಚಕರಿಗೆ ವಿದಿತವೇ ಇದೆ. ಆದರೂ ಇಲ್ಲಿ ರಾಜ್ಯ ಕನ್ನಡದ್ದು. ಆ ಆಸರೆಯೂ ಇಲ್ಲದ ಸೊಲ್ಲಾಪುರದಲ್ಲಿ ಕನ್ನಡಕ್ಕಾಗಿ ದುಡಿದವರು ಜಯದೇವಿತಾಯಿ ಲಿಗಾಡೆ.

1912ರಲ್ಲಿ ಆ ಊರಿನಲ್ಲಿಯೇ ಜನಿಸಿದ ಇವರಿಗೆ ಶಾಲೆಯಲ್ಲಿ ದೊರೆತುದು ಮರಾಠಿ ವಿದ್ಯೆ. ಎಳೆವಯಸ್ಸಿನಲ್ಲಿಯೇ ವಿವಾಹವೂ ಆಯಿತು. ಕನ್ನಡದ ಓದುಬರಹವನ್ನು ಸ್ವಪ್ರಯತ್ನದಿಂದ ಸಾಧಿಸಿ, ಬಳಿಕ ಊರಿನ ಮಕ್ಕಳಿಗೆ ಕನ್ನಡ ಶಾಲೆಗಳು ದೊರೆಯುವಂತೆ ಶ್ರಮಿಸಿದರು. ಮರಾಠಿಯನ್ನು ದ್ವೇಷಿಸಿದವರಲ್ಲ, ಅದರಲ್ಲಿಯೂ ಗ್ರಂಥಗಳನ್ನು ಬರೆದರು. ಸೊಲ್ಲಾಪುರವೆಂದರೆ ಹನ್ನೆರಡನೆಯ ಶತಮಾನದ ಸಿದ್ಧರಾಮನ ಸೊನ್ನಲಿಗೆ. ಅವನ ವಚನಗಳು ಕನ್ನಡದವು. ಅಲ್ಲಿ ಕನ್ನಡವು ವಲಸೆ ಬಂದುದೆಂದು ಯಾರು ಹೇಳಿಯಾರು? ರಾಘವಾಂಕನು ಷಟ್ಪದಿಯಲ್ಲಿ ಬರೆದ ಆ ಶರಣನ ಚರಿತೆಯನ್ನು ತಾಯಿಯವರು ತಮ್ಮ ‘ಸಿದ್ಧರಾಮ ಪುರಾಣ’ದಲ್ಲಿ ತ್ರಿಪದಿಗೆ ತಂದರು, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ಮಟ್ಟು ಅದು. ನಮಗೆ ಅವರ ಸಾಹಸಗಳಲ್ಲಿ ಇದೇ ಹೆಚ್ಚು ಮೆಚ್ಚಿಕೆಯಾದುದು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನವು ಮಹಿಳೆಯೊಬ್ಬರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಲು 1974ರ ಮಂಡ್ಯದವರೆಗೆ ಕಾಯಬೇಕಾಯಿತು. ಆ ಮಹಿಳೆ ಗಡಿಯಾಚೆಯಲ್ಲಿ ಹುಟ್ಟಿ ಬೆಳೆದ ಇವರೇ. 1986ರಲ್ಲಿ ಅವರು ತೀರಿಕೊಂಡರು. ಸೊಲ್ಲಾಪುರ ಇಂದಿಗೂ ಮಹಾರಾಷ್ಟ್ರದಲ್ಲಿದೆ.