ಒಡನಾಟಕ್ಕೆ ಮದ್ದುಂಟೆ?

ಮಾತು ಬಂದವರಿಗೆಲ್ಲ ಮಾತುಕತೆಯೂ ಸಲೀಸೆಂದು ನಾವು ನಂಬಿದ್ದೇವೆ. ಆದರೆ ಎದುರಿನವರ ಮುಖಭಾವ, ದನಿಯ ಏರಿಳಿತ, ಹಾಸ್ಯದ ಸೂಚನೆ, ಇವು ಎಲ್ಲರಿಗೂ ಒಂದೇ ಬಗೆಯಲ್ಲಿ ತಿಳಿಯುವುದಿಲ್ಲ. ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇಂಥ 11 ಮಕ್ಕಳನ್ನು ವರ್ಣಿಸಿದರು. ಆ ಸ್ಥಿತಿಯನ್ನೇ ಈಗ ಆಟಿಸಂ ಅಥವಾ ಸ್ವಲೀನತೆ ಎನ್ನುತ್ತೇವೆ. ತಾಯಿಯ ಮಮತೆ ಸಾಲದೆ ಮಗು ಹೀಗಾಯಿತೆಂಬ ಅಪವಾದವನ್ನು ಹೆತ್ತವರು ಬಹುಕಾಲ ಹೊರಬೇಕಾಯಿತು. ಸ್ವಲೀನ ಬಾಲಕನೊಬ್ಬನ ತಂದೆಯಾದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಗ್ರಂಥವೊಂದನ್ನು ಬರೆದು, ಕಾರಣವನ್ನು ಮಿದುಳಿನಲ್ಲಿ ಹುಡುಕಬೇಕೆಂದು ವಾದಿಸಿದರು.

ಹುಡುಕಾಟ ಅಷ್ಟರಲ್ಲೇ ಮೊದಲಾಗಿತ್ತು. ಇಂಥ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿರುವುದು 1961ರಲ್ಲಿ ಕಂಡುಬಂದಿತು. ಆದರೆ ಎಲ್ಲರಲ್ಲೂ ಹಾಗಿರಲಿಲ್ಲ. ರಕ್ತದ ಲೆಕ್ಕ ಮಿದುಳಿನ ಲೆಕ್ಕವೂ ಅಲ್ಲ.

ಮುಂದೆ ಸಂಶೋಧಕರ ಕಣ್ಣು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಮೇಲೆ ಬಿತ್ತು. ಇದರ ಚರಿತ್ರೆ ಹೆರಿಗೆಗೆ ಸಂಬಂಧಿಸಿದುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವು ಗರ್ಭಕೋಶವನ್ನು ಸಂಕುಚಿಸುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ತೋರಿಸಿದರು. ವಿನ್ಸೆಂಟ್ ಡು ವಿನ್ಯೊ 1953ರಲ್ಲಿ ಆಕ್ಸಿಟೋಸಿನ್ನನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿ, 1955ರಲ್ಲಿ ನೊಬೆಲ್ ಬಹುಮಾನ ಪಡೆದರು. ಅಮೆರಿಕದ ಹುಲ್ಲುಗಾವಲಿನ ಒಂದು ಬಗೆಯ ಇಲಿಗಳಲ್ಲಿ ಗಂಡುಹೆಣ್ಣು ಜೊತೆಗೂಡಲು ಇದೇ ಹಾರ್ಮೋನು ನೆರವಾಗುತ್ತದೆಂದು 1990ರ ದಶಕದಲ್ಲಿ ಕಂಡುಬಂದಿತು. ಇಲಿಗಳನ್ನು ಬೆಸೆಯುವುದು ಮನುಷ್ಯರನ್ನೂ ಬೆಸೆದೀತೆ?

ನ್ಯೂಯಾರ್ಕಿನಲ್ಲಿ ಕೆಲವೇ ಮಂದಿ ಸ್ವಲೀನ ವಯಸ್ಕರಿಗೆ ಇದನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದರು. 2003 ಮತ್ತು 2007ರಲ್ಲಿ ಪ್ರಕಟವಾದ ಫಲಿತಾಂಶಗಳು ಆಸೆ ಹುಟ್ಟಿಸಿದವು: ಮಾಡಿದ್ದನ್ನೇ ಮಾಡುವ ರೂಢಿ ತಗ್ಗಿತು, ದನಿಯಲ್ಲಿನ ಭಾವವನ್ನು ಗುರುತಿಸುವ ಶಕ್ತಿ ಹೆಚ್ಚಿತು. ಆದರೆ 2021ರಲ್ಲಿ ಪ್ರಕಟವಾದ, 290 ಮಕ್ಕಳ ಪರೀಕ್ಷೆಯಲ್ಲಿ 24 ವಾರ ಮೂಗಿಗೆ ಸಿಂಪಡಿಸಿದ ಆಕ್ಸಿಟೋಸಿನ್ ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಅದರ ದಾಯಾದಿಯಾದ ವ್ಯಾಸೊಪ್ರೆಸಿನ್ನನ್ನು ತಡೆಯುವ ಬಾಲೊವಾಪ್ಟನ್ ಎಂಬ ಔಷಧದ ಪರೀಕ್ಷೆಯೂ ವಯಸ್ಕರಲ್ಲಿ ಫಲ ಕಾಣದೆ 2020ರಲ್ಲಿ ನಿಂತಿತು. ಆಕ್ಸಿಟೋಸಿನ್ನಿನ ಗ್ರಾಹಕವನ್ನೇ ತೆಗೆದುಹಾಕಿದ ಇಲಿಗಳೂ ಜೊತೆಗೂಡುತ್ತವೆಂದು 2023ರಲ್ಲಿ ತಿಳಿಯಿತು. ಒಡನಾಟ ಒಂದೇ ರಸದ ಕೆಲಸವಲ್ಲ.

ಅದು ಒಬ್ಬರ ಮಿದುಳಿನ ಕೆಲಸವೂ ಅಲ್ಲ. ಸ್ವತಃ ಸ್ವಲೀನರಾದ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್, ಅರಿವಿನ ಕೊರತೆ ಎರಡು ಕಡೆಯಲ್ಲೂ ಉಂಟೆಂದು 2012ರಲ್ಲಿ ಬರೆದರು. 2020ರಲ್ಲಿ ಪ್ರಕಟವಾದ ಎಡಿನ್‌ಬರೋ ಸಂಶೋಧಕರ ಪ್ರಯೋಗದಲ್ಲಿ ಕಥೆಯೊಂದನ್ನು ಒಬ್ಬರಿಂದೊಬ್ಬರಿಗೆ ದಾಟಿಸಲಾಯಿತು. ಸ್ವಲೀನ ವಯಸ್ಕರ ಸಾಲು ಇತರರ ಸಾಲಿಗೆ ಸಮನಾಯಿತು. ಇಬ್ಬಗೆಯವರೂ ಬೆರೆತ ಸಾಲಿನಲ್ಲೇ ಕಥೆ ಹೆಚ್ಚು ಸೋರಿಹೋಯಿತು. 2025ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪ್ರಯೋಗದಲ್ಲಿ ಬೆರೆತ ಸಾಲೂ ಹಿಂದೆ ಬೀಳಲಿಲ್ಲ.

ಕ್ಯಾನರ್ ವರ್ಣಿಸಿದ ಮೊದಲ ಬಾಲಕ ಡೊನಾಲ್ಡ್ ಟ್ರಿಪ್ಲೆಟ್ ತಮ್ಮೂರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದು, ಗಾಲ್ಫ್ ಆಡಿ, ದೇಶ ಸುತ್ತಿ, 2023ರಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ರೀತಿಗೆ ಊರು ಒಗ್ಗಿಕೊಂಡಿತ್ತು. ನಿಮ್ಮ ಬೀದಿಯಲ್ಲೂ ಮುಖ ನೋಡದೆ ಮಾತನಾಡುವವರೊಬ್ಬರು ಇದ್ದಾರು. ಕೇಳಬೇಕಾದುದನ್ನು ನೇರವಾಗಿ ಕೇಳಿ, ಉತ್ತರಕ್ಕೆ ತುಸು ಹೊತ್ತು ಕಾದಿರಿ.