ಸವಾರಿ ಕುದುರೆಯ ಹಿಂಗಾಲಿನ ಕುಂಟು: ಮೊಂಡುತನವಲ್ಲ, ನೋವು

ಮುಂಗಾಲು ಕುಂಟುವ ಕುದುರೆಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ನೋಯುವ ಕಾಲು ನೆಲ ಮುಟ್ಟಿದಾಗ ಅದು ತಲೆಯನ್ನು ಮೇಲಕ್ಕೆತ್ತುತ್ತದೆ. ಹಿಂಗಾಲಿನ ನೋವು ಹೀಗೆ ಕಣ್ಣಿಗೆ ಬೀಳುವುದಿಲ್ಲ. ಹಾರಲು ಒಲ್ಲದ, ತಿರುವಿನಲ್ಲಿ ಹಿಂಜರಿಯುವ ಕುದುರೆಯನ್ನು ಸೋಮಾರಿಯೆಂದು ಬಗೆದು ಚಾಟಿ ಬೀಸುವ ಸವಾರರೂ ಇದ್ದಾರೆ. ನೋಯುವ ಕೀಲಿಗೆ ಅದು ಎರಡನೆಯ ಪೆಟ್ಟು.

ನಿಂತ ಕುದುರೆಯ ದೇಹಭಾರದಲ್ಲಿ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳು ಹೊರುತ್ತವೆ. ಆದರೆ ದೇಹವನ್ನು ಮುಂದಕ್ಕೆ ನೂಕುವ, ಬೇಲಿ ಹಾರುವಾಗ ಮೇಲಕ್ಕೆ ಚಿಮ್ಮಿಸುವ ಬಲ ಬಹುಮಟ್ಟಿಗೆ ಹಿಂಗಾಲುಗಳದು. ಈ ಶ್ರಮದ ಭಾರ ಮುಖ್ಯವಾಗಿ ಎರಡು ಕೀಲುಗಳ ಮೇಲೆ ಬೀಳುತ್ತದೆ. ಮೊದಲನೆಯದು ನಮ್ಮ ಮಂಡಿಗೆ ಸಮನಾದ ‘ಸ್ಟೈಫಲ್’. ಎರಡನೆಯದು ನಮ್ಮ ಹಿಮ್ಮಡಿಯ ಕೀಲಿಗೆ ಸಮನಾದ ‘ಹಾಕ್’.

ಹಾಕ್ ಕೀಲಿನ ಸವೆತ

ಹಾಕ್ ಒಂದೇ ಕೀಲಲ್ಲ, ನಾಲ್ಕು ಕೀಲುಗಳ ಜೋಡಣೆ. ಮಡಿಚುವ ಕೆಲಸವನ್ನೆಲ್ಲ ಮೇಲಿನ ಕೀಲು ಮಾಡುತ್ತದೆ. ಕೆಳಗಿನ ಎರಡು ಕೀಲುಗಳ ಚಲನೆ ಅತ್ಯಲ್ಪವಾದರೂ ಒತ್ತಡ ಮತ್ತು ತಿರುಚುವಿಕೆಗೆ ಅವು ಸದಾ ಗುರಿಯಾಗುತ್ತವೆ. ಅಲ್ಲಿನ ಮೃದ್ವಸ್ಥಿ ಸವೆದು ಸಂಧಿವಾತ ಉಂಟಾಗುವುದನ್ನು ‘ಸ್ಪಾವಿನ್’ ಎನ್ನುತ್ತಾರೆ. ಹೆಜ್ಜೆ ಗಿಡ್ಡವಾಗುವುದು, ಗೊರಸಿನ ತುದಿ ನೆಲಕ್ಕೆ ಉಜ್ಜುವುದು, ಲಾಳದ ಮುಂತುದಿ ಬೇಗ ಸವೆಯುವುದು ಇದರ ಲಕ್ಷಣಗಳು. ಆರಂಭದಲ್ಲಿ ಬಿಗಿದ ಕಾಲು ನಡೆಯುತ್ತ ಸಡಿಲಗೊಳ್ಳುವುದರಿಂದ ರೋಗ ಬಹುಕಾಲ ಮರೆಯಲ್ಲೇ ಉಳಿಯುತ್ತದೆ. ಕೆಲವು ಕುದುರೆಗಳಲ್ಲಿ ಈ ಕೀಲುಗಳು ತಾವಾಗಿಯೇ ಬೆಸೆದುಕೊಂಡು ನೋವು ತಗ್ಗುವುದುಂಟು. ಆದರೆ ಅದಕ್ಕೆ ವರ್ಷಗಳೇ ಹಿಡಿಯಬಹುದು.

ಸಿಕ್ಕಿಕೊಳ್ಳುವ ಮಂಡಿಚಿಪ್ಪು

ಕುದುರೆ ನಿಂತೇ ವಿಶ್ರಮಿಸಲು ಮಂಡಿಚಿಪ್ಪನ್ನು ತೊಡೆಮೂಳೆಯ ಒಳದಿಂಡಿಗೆ ಕೊಕ್ಕೆಯಂತೆ ಸಿಕ್ಕಿಸಿಕೊಳ್ಳುತ್ತದೆ. ಈ ಕೊಕ್ಕೆ ಸಕಾಲದಲ್ಲಿ ಬಿಚ್ಚಿಕೊಳ್ಳದಿದ್ದರೆ ಕಾಲು ಹಿಂದಕ್ಕೆ ಚಾಚಿದಂತೆಯೇ ಸೆಟೆದು ನಿಲ್ಲುತ್ತದೆ, ಬಳಿಕ ಥಟ್ಟನೆ ಬಿಡುತ್ತದೆ. ಎಳೆಯ, ಪಳಗದ, ತೊಡೆಯ ಸ್ನಾಯು ಬಲಿಯದ ಕುದುರೆಗಳಲ್ಲಿ ಇದು ಹೆಚ್ಚು. ಇಂಥವನ್ನು ಲಾಯದಲ್ಲಿ ಕಟ್ಟಿಹಾಕುವುದಕ್ಕಿಂತ ಕ್ರಮಬದ್ಧ ವ್ಯಾಯಾಮದಿಂದ ಸ್ನಾಯು ಬಲಪಡಿಸುವುದು ಲೇಸು. ಅಸ್ಥಿರಜ್ಜುವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯಿಂದ ಮುಂದೆ ಮಂಡಿಚಿಪ್ಪಿಗೇ ಹಾನಿಯಾಗಬಹುದಾದ್ದರಿಂದ ಅದು ಕೊನೆಯ ಉಪಾಯ.

ಪತ್ತೆ ಹೇಗೆ?

ಗಟ್ಟಿಯಾದ ಸಮನೆಲದ ಮೇಲೆ ಕುದುರೆಯನ್ನು ‘ಟ್ರಾಟ್’ ಗತಿಯಲ್ಲಿ ಓಡಿಸಿ ಹಿಂದಿನಿಂದ ನೋಡಬೇಕು. ಸೊಂಟದ ಎರಡು ಬದಿಗಳ ಏರಿಳಿತ ಸಮನಾಗಿರದಿದ್ದರೆ, ಹೆಚ್ಚು ಏರಿಳಿಯುವ ಬದಿಯ ಕಾಲಿನಲ್ಲಿ ನೋವಿರುವ ಸಂಭವವಿದೆ. ಕಾಲನ್ನು ಸುಮಾರು ಒಂದು ನಿಮಿಷ ಮಡಿಚಿ ಹಿಡಿದು, ಬಿಟ್ಟೊಡನೆ ಓಡಿಸುವ ಪರೀಕ್ಷೆಯೂ ಇದೆ. ಆದರೆ ಹಾಕ್ ಮತ್ತು ಸ್ಟೈಫಲ್ ಜೊತೆಜೊತೆಗೇ ಮಡಿಚುವುದರಿಂದ ನೋವು ಯಾವುದರಲ್ಲಿದೆ ಎಂಬುದು ಇದರಿಂದ ಖಚಿತವಾಗದು. ಪಶುವೈದ್ಯರು ಒಂದೊಂದೇ ಭಾಗಕ್ಕೆ ಅರಿವಳಿಕೆ ನೀಡಿ ಕುಂಟು ನಿಲ್ಲುವ ಜಾಗವನ್ನು ಗುರುತಿಸಿ, ಬಳಿಕ ಕ್ಷ-ಕಿರಣ ಚಿತ್ರ ತೆಗೆಯುತ್ತಾರೆ.

ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಿಸೆಯಲ್ಲಿ ಮಹತ್ವದ್ದು. ಕಿವಿ ಹಿಂದಕ್ಕೊತ್ತುವುದು, ಬಾಲ ಬಡಿಯುವುದು, ಬಾಯಿ ತೆರೆಯುವುದು ಮುಂತಾದ 24 ವರ್ತನೆಗಳನ್ನು ಅವರು ಪಟ್ಟಿ ಮಾಡಿದರು. ಸವಾರಿಯ ವೇಳೆ ಇವುಗಳಲ್ಲಿ 8 ಅಥವಾ ಹೆಚ್ಚು ಕಂಡುಬಂದರೆ ನೋವಿನ ಸಾಧ್ಯತೆ ಪ್ರಬಲ.

ಚಿಕಿತ್ಸೆ

ಗೊರಸನ್ನು ಸಮತೋಲನದಲ್ಲಿ ಕತ್ತರಿಸಿ ತಕ್ಕ ಲಾಳ ಹೊಡೆಸುವುದು, ದೇಹತೂಕ ಇಳಿಸುವುದು, ಮಿತವಾದ ನಿತ್ಯ ವ್ಯಾಯಾಮ, ಅಗತ್ಯವಿದ್ದರೆ ಕೀಲಿನೊಳಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು ಸ್ಪಾವಿನ್‌ಗೆ ರೂಢಿಯ ಕ್ರಮಗಳು. ಫಿನೈಲ್‌ಬ್ಯುಟಜೋನ್ ನೋವು ತಗ್ಗಿಸುತ್ತದೆಯಾದರೂ ಅತಿಯಾದರೆ ಜಠರದಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ ತರುತ್ತದೆ. ಔಷಧದಿಂದ ನೋವನ್ನು ಮರೆಮಾಚಿ ಸವಾರಿ ಮಾಡುವುದು ಕೀಲನ್ನು ಇನ್ನಷ್ಟು ಕೆಡಿಸುತ್ತದೆ.

ಬೆಂಗಳೂರು, ಮೈಸೂರುಗಳ ರೇಸಿನಿಂದ ನಿವೃತ್ತವಾದ ಕುದುರೆಗಳು ಸವಾರಿಗೆ ಬರುವುದುಂಟು. ಅಂಥದನ್ನು ಕೊಳ್ಳುವವರು ವ್ಯವಹಾರಕ್ಕೆ ಮುನ್ನವೇ ಹಿಂಗಾಲುಗಳನ್ನು ಪರೀಕ್ಷಿಸುವುದು ಒಳಿತು. ಕುದುರೆ ಹಠಾತ್ತನೆ ಕಾಲೂರದಿದ್ದರೆ, ಕೀಲು ಬಿಸಿಯಾಗಿ ಊದಿದ್ದರೆ ಅಥವಾ ಕೀಲಿನ ಬಳಿ ಸಣ್ಣ ಗಾಯವಾಗಿದ್ದರೂ ಅಂದೇ ಪಶುವೈದ್ಯರನ್ನು ಕರೆಸಬೇಕು. ಕೀಲಿನೊಳಗೆ ಸೋಂಕು ಹೊಕ್ಕರೆ ಕುದುರೆಯ ಪ್ರಾಣಕ್ಕೇ ಸಂಚಕಾರ.