ದೊಡ್ಡ ಚಿತ್ರ, ಸಣ್ಣ ಮೇಜು: ಪರಂಗಿಮಲೈಯಿಂದ ಮ್ಯಾಟ್‌ಪ್ಲಾಟ್‌ಲಿಬ್‌ವರೆಗೆ

ಚೆನ್ನೈನಿಂದ ಮಾತಾಡ್ತಾ ಇದ್ದೀನಿ. ಈ ಸಲದ ವಿಡಿಯೊದಲ್ಲಿ ಲೆಕ್ಕಗಳು ಸ್ವಲ್ಪ ಜಾಸ್ತಿ ಇದ್ದವು. ಕೇಳಿಸಿಕೊಳ್ಳೋದಕ್ಕಿಂತ ಓದೋದು ಸುಲಭ ಅನ್ನಿಸಿ, ಮಾತಾಡಿದ್ದನ್ನೇ ಓರಣ ಮಾಡಿ ಇಲ್ಲಿ ಹಾಕ್ತಿದ್ದೀನಿ.

ವಿಷಯ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರೋದೇ. ಪೈಥಾನ್‌ನಲ್ಲಿ ದೊಡ್ಡದೊಂದು ಚಿತ್ರ ತೆರೀತೀರಿ. ಫೈಲ್ ಮುನ್ನೂರು ಎಂಬಿ ಕೂಡ ಇಲ್ಲ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕೊಟ್ಟು ತೋರಿಸು ಅಂತೀರಿ. ಲ್ಯಾಪ್‌ಟಾಪ್ ಫ್ಯಾನ್ ಜೋರಾಗುತ್ತೆ, ಮೌಸ್ ಅಲ್ಲೇ ನಿಲ್ಲುತ್ತೆ, ಸ್ವಲ್ಪ ಹೊತ್ತಿಗೆ ಟರ್ಮಿನಲ್‌ನಲ್ಲಿ ‘ಕಿಲ್ಡ್’ ಅಂತ ಒಂದೇ ಪದ. ನಮ್ಮ ಟೀಮ್‌ನಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಇದ್ದಾನೆ, ಅವನದ್ದು ಒಂದೇ ಪ್ರಶ್ನೆ: “ಸರ, ಇನ್ನೂ ದೊಡ್ಡ ಮಷೀನ್ ಕೇಳೂಣೇನ್ರಿ?” ಕೇಳಬಹುದು. ಆದರೆ ಇದು ಕಂಪ್ಯೂಟರ್ ಹುಟ್ಟೋಕೆ ಮುಂಚಿನ ಸಮಸ್ಯೆ. ಅದಕ್ಕೆ ಹುಡುಕಿದ ಪರಿಹಾರದ ಒಂದು ದೊಡ್ಡ ಅಧ್ಯಾಯ ಶುರುವಾಗಿದ್ದು ನಾವು ದಿನಾ ಓಡಾಡೋ ಇದೇ ಊರಲ್ಲಿ.

ಐಟಿ ಕಾರಿಡಾರ್‌ನ ಪಕ್ಕದಲ್ಲೇ ಒಂದು ಗೆರೆ

1802ರ ಏಪ್ರಿಲ್ 10. ವಿಲಿಯಂ ಲ್ಯಾಂಬ್ಟನ್ ಅನ್ನೋ ಸೇನಾಧಿಕಾರಿ ಮದ್ರಾಸಿನ ಹೊರಗೆ ಉಕ್ಕಿನ ಸರಪಳಿ ಹಿಡಿದು ನೆಲ ಅಳೆಯೋಕೆ ಶುರು ಮಾಡಿದ. ಗೆರೆಯ ಒಂದು ತುದಿ ಸೇಂಟ್ ಥಾಮಸ್ ಮೌಂಟ್, ತಮಿಳಿನವರ ಪರಂಗಿಮಲೈ. ಇನ್ನೊಂದು ತುದಿ ಪೆರುಂಬಾಕ್ಕಂ. ಹೌದು, ಶೋಲಿಂಗನಲ್ಲೂರಿನ ಆಫೀಸುಗಳ ಹಿಂದೆ, ನಮ್ಮವರು ಎಷ್ಟೋ ಜನ ಬಾಡಿಗೆ ಮನೆ ಹಿಡಿದಿರೋ ಅದೇ ಪೆರುಂಬಾಕ್ಕಂ. ಏಳೂವರೆ ಮೈಲಿ, ಅಂದರೆ ಸುಮಾರು 12 ಕಿಲೋಮೀಟರ್. ಭಾರತದ ಮಹಾ ತ್ರಿಕೋನಮಿತಿ ಸರ್ವೆಗೆ ಇದೇ ಮೊದಲ ಗೆರೆ.

ಈ ಒಂದು ಗೆರೆಯನ್ನ ಮಾತ್ರ ಸರಪಳಿಯಿಂದ ಬಹಳ ಎಚ್ಚರದಿಂದ ಅಳೆದು, ಮಿಕ್ಕಿದ್ದನ್ನ ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡಿ ಲೆಕ್ಕ ಹಾಕಿದರು. ಕೋನ ನೋಡುವ ಥಿಯೊಡೊಲೈಟ್ ಒಂದೇ ಅರ್ಧ ಟನ್ ತೂಕ. ಹೀಗೆ ತ್ರಿಕೋನಗಳನ್ನ ಕಟ್ಟುತ್ತಾ ಪಶ್ಚಿಮಕ್ಕೆ ಹೋದರು. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಗೆರೆ ಅಳೆದು ಲೆಕ್ಕ ತಾಳೆ ನೋಡಿದರು. ಆಮೇಲೆ ಮಂಗಳೂರಿನ ಕಡಲತೀರ. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ಹಳೆಯ ನಕ್ಷೆಗಳಲ್ಲಿ 400 ಮೈಲಿ ಇತ್ತು, ಅಳೆದಾಗ ಸಿಕ್ಕಿದ್ದು 360. ನಾವು ರಾತ್ರಿ ಬಸ್ಸಲ್ಲಿ ಮಲಗಿ ದಾಟೋ ದೂರದಲ್ಲಿ 40 ಮೈಲಿ ಸುಳ್ಳಿತ್ತು ಅಂತಾಯ್ತು.

ಲ್ಯಾಂಬ್ಟನ್ ಊರುಗಳನ್ನ ಬರೀತಿರಲಿಲ್ಲ, ಬಿಂದುಗಳನ್ನ ನಿಲ್ಲಿಸ್ತಿದ್ದ. ಊರು, ಕೆರೆ, ಕೋಟೆ, ದಾರಿ ಬರೆಯೋ ಕೆಲಸ ಬೇರೆಯವರದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆ ಅಂಥದ್ದು. ಒಂದು ಕಡೆ ಇಡೀ ಪರ್ಯಾಯ ದ್ವೀಪದ ಅಸ್ಥಿಪಂಜರ, ಇನ್ನೊಂದು ಕಡೆ ತುಂಬಿಸಬೇಕಾದ ಮಾಂಸ. ಎರಡೂ ಸೇರಿದಾಗ ಕಷ್ಟ ಶುರುವಾಯ್ತು: ಇಷ್ಟು ದೊಡ್ಡ ಚಿತ್ರವನ್ನ ತೋರಿಸೋದು ಎಲ್ಲಿ?

ಹದಿನಾರರ ಲೆಕ್ಕ

ಮದ್ರಾಸಿನಲ್ಲಿ 1794ರಲ್ಲೇ ಮೈಕೆಲ್ ಟಾಪಿಂಗ್ ಎಂಟು ಹುಡುಗರನ್ನ ಇಟ್ಟುಕೊಂಡು ಒಂದು ಸರ್ವೆ ಶಾಲೆ ತೆರೆದಿದ್ದ. ಇವತ್ತಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನ ಮೂಲ ಅದೇ. ಕಂಪನಿಗೆ ಅಳೆಯೋಕೂ ಬರೆಯೋಕೂ ಕೈ ಬೇಕಿತ್ತು.

ಬರೆಯೋದು ಅಂದರೆ ಹೇಗೆ ಅಂತ ನೋಡಿ. ಮೈಲಿಗೆ ಒಂದು ಇಂಚಿನ ಅಳತೆಯಲ್ಲಿ ಒಂದು ನಾಡಿನ ನಕ್ಷೆ ಇದೆ. ಅದನ್ನ ನಾಲ್ಕು ಮೈಲಿಗೆ ಒಂದು ಇಂಚಿಗೆ ಇಳಿಸಬೇಕು. 1827ರಿಂದ ಲಂಡನ್ನಿನಲ್ಲಿ ಅಚ್ಚಾಗತೊಡಗಿದ ‘ಅಟ್ಲಾಸ್ ಆಫ್ ಇಂಡಿಯಾ’ದ ಅಳತೆ ಇದೇ. ಉದ್ದ ನಾಲ್ಕು ಪಟ್ಟು ಕಮ್ಮಿ, ಅಗಲವೂ ನಾಲ್ಕು ಪಟ್ಟು ಕಮ್ಮಿ. ಅಂದರೆ 16 ಚದರ ಇಂಚಿನಲ್ಲಿ ಇದ್ದದ್ದೆಲ್ಲ ಒಂದು ಚದರ ಇಂಚಿಗೆ ಬರಬೇಕು. ಮೂಲ ನಕ್ಷೆ ಮೇಲೆ ಚೌಕ ಹಾಕಿ, ಖಾಲಿ ಹಾಳೆ ಮೇಲೆ ಸಣ್ಣ ಚೌಕ ಹಾಕಿ, ಒಂದೊಂದೇ ಚೌಕ ನೋಡಿ ಇಳಿಸೋದು ಹಳೆಯ ರೂಢಿ. ಇಡೀ ನಕ್ಷೆ ತಲೆಯಲ್ಲಿ ಇಟ್ಟುಕೊಳ್ಳೋ ಅಗತ್ಯ ಇಲ್ಲ, ಕಣ್ಣೆದುರಿನ ಒಂದು ಚೌಕ ಸಾಕು.

ಆದರೆ 16 ಊರಿನ ಹೆಸರು ಒಂದು ಇಂಚಿನಲ್ಲಿ ಕೂರಲ್ಲ. ಯಾವುದೋ ಬೀಳಬೇಕು. ಕೋಟೆ ಇರೋ ಊರು ಉಳಿಯುತ್ತೆ, ಸೈನ್ಯ ಹೋಗೋ ದಾರಿ ಉಳಿಯುತ್ತೆ, ಹತ್ತು ಮನೆಯ ಹಟ್ಟಿ ಬೀಳುತ್ತೆ. ಈ ತೀರ್ಮಾನ ಮಾಡಿದವರು ಆ ಹಟ್ಟಿಯವರಲ್ಲ.

ಇಪ್ಪತ್ತನೇ ಶತಮಾನದ ಆರಂಭಕ್ಕೆ ಇದೇ ಲೆಕ್ಕ ಒಂದು ಪದ್ಧತಿಯಾಯ್ತು. ದೇಶವನ್ನ ನಾಲ್ಕು ಡಿಗ್ರಿಯ ಚೌಕಗಳಾಗಿ ಕತ್ತರಿಸಿದರು. ಪ್ರತಿ ಚೌಕದಲ್ಲಿ ಒಂದು ಡಿಗ್ರಿಯ 16 ಹಾಳೆ, ಅದಕ್ಕೆ ಇಂಗ್ಲಿಷ್ ಅಕ್ಷರ. ಪ್ರತಿ ಹಾಳೆಯಲ್ಲಿ ಮತ್ತೆ 16 ಸಣ್ಣ ಹಾಳೆ, ಅದಕ್ಕೆ ಅಂಕಿ. ಬೆಂಗಳೂರು ನಗರದ ಬಹುಭಾಗ ಸಿಗೋ ಟೊಪೋಶೀಟ್ 57 ಎಚ್/9, ಅದರ ಉತ್ತರಕ್ಕೆ 57 ಜಿ/12. ಚೆನ್ನೈ 66ನೇ ಚೌಕಕ್ಕೆ ಸೇರಿದ್ದು. ಗೂಗಲ್ ಮ್ಯಾಪ್ಸ್ ಜೂಮ್ ಮಾಡಿದಾಗ ಚೌಕ ಚೌಕವಾಗಿ ಚಿತ್ರ ಬರೋದನ್ನ ನೋಡಿದ್ದೀರಲ್ಲ, ಆ ಟೈಲ್ ಪದ್ಧತಿಯ ಅಜ್ಜ ಇದು. ಅಲ್ಲಿ ಪ್ರತಿ ಮೆಟ್ಟಿಲಿಗೆ ನಾಲ್ಕು, ಇಲ್ಲಿ ಹದಿನಾರು. ಅಷ್ಟೇ ವ್ಯತ್ಯಾಸ. ಯಾವ ಅಧಿಕಾರಿಯೂ ಇಡೀ ಭಾರತದ ಒಂದಿಂಚು ನಕ್ಷೆಯನ್ನ ಒಂದೇ ಮೇಜಿನ ಮೇಲೆ ಹರಡೋಕೆ ಹೋಗಲಿಲ್ಲ. ಸೂಚಿ ನಕ್ಷೆ ನೋಡ್ತಿದ್ದ, ಬೇಕಾದ ಹಾಳೆ ತರಿಸ್ಕೋತಿದ್ದ.

ಹಾಳೆ ಹೋಗಿ ಪಿಕ್ಸೆಲ್ ಬಂದಾಗ

ಈಗ ಇನ್ನೂರು ವರ್ಷ ಮುಂದೆ ಬನ್ನಿ. 2005ರ ಮೇ 5ರಂದು ಚೆನ್ನೈಗೆ ಉತ್ತರದಲ್ಲಿರೋ ಶ್ರೀಹರಿಕೋಟಾದಿಂದ ಕಾರ್ಟೊಸ್ಯಾಟ್-1 ಹಾರಿತು. ನೆಲದ ಮೇಲಿನ ಎರಡೂವರೆ ಮೀಟರ್ ಅದಕ್ಕೆ ಒಂದು ಪಿಕ್ಸೆಲ್. ಕ್ಯಾಮೆರಾದ ಒಂದು ಸಾಲಿನಲ್ಲಿ 12,000 ಪಿಕ್ಸೆಲ್. ಹಾಗಾದರೆ 30 ಕಿಲೋಮೀಟರ್ ಅಗಲ, ಅಷ್ಟೇ ಉದ್ದದ ಒಂದು ಚೌಕ ಅಂದರೆ 12,000 ಸಲ 12,000, ಒಟ್ಟು 14.4 ಕೋಟಿ ಪಿಕ್ಸೆಲ್. ಪರಂಗಿಮಲೈ, ಪಳ್ಳಿಕರಣೈ ಜೌಗು, ಪೆರುಂಬಾಕ್ಕಂ, ಸಮುದ್ರದ ಅಂಚು ಎಲ್ಲ ಅದರಲ್ಲಿ ಬಂದುಬಿಡುತ್ತೆ. ಪಿಕ್ಸೆಲ್‌ಗೆ 2 ಬೈಟ್ ಹಿಡಿದರೆ 288 ಎಂಬಿ. ನಿಮ್ಮ ಲ್ಯಾಪ್‌ಟಾಪಿಗೆ ಇದೇನು ದೊಡ್ಡದಲ್ಲ.

ಇದನ್ನ ಬಿಡಿಸೋ ಸಾಫ್ಟ್‌ವೇರ್ ಯಾರು ಬರೆದರು ಅಂತ ಒಂದು ಮಾತು ಹೇಳ್ಬೇಕು. ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ್ದು ಒಂದು ಮೆದುಳಿನ ಲ್ಯಾಬ್‌ನಲ್ಲಿ. ಜಾನ್ ಹಂಟರ್ ನರವಿಜ್ಞಾನಿ, ಅಪಸ್ಮಾರ ಇರುವವರ ಮೆದುಳಿನ ವಿದ್ಯುತ್ ಸಂಕೇತಗಳನ್ನ ಪರದೆ ಮೇಲೆ ನೋಡೋಕೆ ಅವರಿಗೆ ಒಂದು ಉಪಕರಣ ಬೇಕಿತ್ತು. 2003ರ ಹೊತ್ತಿಗೆ ಬಿಡುಗಡೆ ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. 2012ರ ಆಗಸ್ಟ್‌ನಲ್ಲಿ, 44ನೇ ವಯಸ್ಸಿಗೇ ತೀರಿಕೊಂಡರು. ಅವರ ಮುಂದೆ ಇದ್ದದ್ದು ಗೆರೆಗಳು, ಗ್ರಾಫ್‌ಗಳು. 14 ಕೋಟಿ ಪಿಕ್ಸೆಲ್‌ನ ಚಿತ್ರ ಆಗಿನ ಉದ್ದೇಶವೇ ಅಲ್ಲ.

ಈಗ ಲೆಕ್ಕ. ‘ಇಮ್‌ಶೋ’ಗೆ ಚಿತ್ರ ಕೊಟ್ಟ ಕೂಡಲೇ ಅದು ತನಗೊಂದು ನಕಲು ಇಟ್ಕೊಳ್ಳುತ್ತೆ. ನೀವು ಆಮೇಲೆ ಮೂಲವನ್ನ ಬದಲಾಯಿಸಿದರೂ ಚಿತ್ರ ಕೆಡಬಾರದು ಅಂತ. ಅಲ್ಲಿಗೆ 288 ಹೋಗಿ 576 ಎಂಬಿ. ಹಳೆಯ ಆವೃತ್ತಿಗಳಲ್ಲಿ ಮೊದಲು ಇಡೀ ಚಿತ್ರಕ್ಕೆ ಬಣ್ಣ ಹಚ್ಚಿ, ಆಮೇಲೆ ಪರದೆಯ ಅಳತೆಗೆ ಇಳಿಸ್ತಿದ್ದರು. ಬಣ್ಣ ಅಂದರೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ, ನಾಲ್ಕು ಸಂಖ್ಯೆ. ಒಂದೊಂದೂ 8 ಬೈಟಿನ ದಶಮಾಂಶ ಸಂಖ್ಯೆಯಾದರೆ ಪಿಕ್ಸೆಲ್‌ಗೆ 32 ಬೈಟ್. 14.4 ಕೋಟಿಗೆ 4.6 ಜಿಬಿ. 4 ಜಿಬಿ ಲ್ಯಾಪ್‌ಟಾಪ್ ಇದ್ದವರ ಕಥೆ ಅಲ್ಲಿಗೇ ಮುಗೀತು.

2017ರ ಜನವರಿಯಲ್ಲಿ ಬಂದ 2.0 ಆವೃತ್ತಿ ಈ ಕ್ರಮವನ್ನ ತಿರುಗಿಸಿತು: ಮೊದಲು ಅಳತೆ ಇಳಿಸು, ಉಳಿದಷ್ಟಕ್ಕೆ ಮಾತ್ರ ಬಣ್ಣ ಹಚ್ಚು. ಬಣ್ಣದ ಖರ್ಚು ಪರದೆಯಷ್ಟಕ್ಕೆ ಇಳಿಯಿತು. ಆದರೂ ಇಳಿಸೋ ಮುಂಚೆ ಇಡೀ ಚಿತ್ರವನ್ನ ದಶಮಾಂಶಕ್ಕೆ ತಿರುಗಿಸಬೇಕು. 4 ಬೈಟಿನಂತೆ ಅದೊಂದೇ 576 ಎಂಬಿ, ಜೊತೆಗೆ ಯಾವ ಪಿಕ್ಸೆಲ್ ಖಾಲಿ ಅನ್ನೋ ಗುರುತು ಬೇರೆ. ಚಿತ್ರ ತೋರಿಸಿದ ಮೇಲೆ ಫಿಗರ್ ಮುಚ್ಚದೇ ಇದ್ದರೆ ಪೈಪ್ಲಾಟ್ ಅದನ್ನ ಹಿಡಿದಿಟ್ಕೊಂಡೇ ಇರುತ್ತೆ. ಲೂಪ್‌ನಲ್ಲಿ ಇಪ್ಪತ್ತು ದಾಟಿದರೆ ಎಚ್ಚರಿಕೆ ಕೊಡೋದು ಅದಕ್ಕೇ.

ಇಷ್ಟೆಲ್ಲ ಖರ್ಚು ಮಾಡಿ ನೋಡೋದು ಎಷ್ಟನ್ನ? ನಮ್ಮ ಸಾಮಾನ್ಯ ಪರದೆಯ ಎತ್ತರ 1,080 ಪಿಕ್ಸೆಲ್. 12,000 ಸಾಲು ಅದರಲ್ಲಿ ಕೂರಬೇಕು. 11 ಸಾಲಿಗೆ ಒಂದು ಸಾಲು. ಉದ್ದ ಅಗಲ ಎರಡೂ ಸೇರಿ ಸುಮಾರು 120 ಪಿಕ್ಸೆಲ್‌ಗೆ ಒಂದೇ ಚುಕ್ಕೆ. ಮೆಮೊರಿ ತುಂಬಿಸಿದ್ದು ಕಣ್ಣಿಗೆ ಬೀಳದ 119ಕ್ಕೋಸ್ಕರ.

ಬಿದ್ದುಹೋದದ್ದು ಯಾವುದು?

ಹಾಗಾದರೆ ಸುಲಭ, ಹನ್ನೊಂದಕ್ಕೆ ಒಂದು ಪಿಕ್ಸೆಲ್ ಎತ್ತಿಕೊಂಡು ತೋರಿಸಿದರಾಯ್ತು ಅಂತೀರಿ. ಎಷ್ಟೋ ಕಡೆ ಮಾಡೋದೂ ಅದನ್ನೇ. ಮೆಮೊರಿ ಉಳಿಯುತ್ತೆ, ಚಿತ್ರ ಥಟ್ ಅಂತ ಬರುತ್ತೆ. ನನಗೆ ಭಯ ಇರೋದು ಇಲ್ಲಿ.

2015ರ ಡಿಸೆಂಬರ್ ಇಲ್ಲಿದ್ದವರಿಗೆ ನೆನಪಿರುತ್ತೆ. ಪಳ್ಳಿಕರಣೈ ಜೌಗಿಗೆ ಸುತ್ತಲಿನ ಕೆರೆಗಳಿಂದ ನೀರು ಇಳಿಯುತ್ತೆ, ಅಲ್ಲಿಂದ ಒಕ್ಕಿಯಂ ಮಡುವು ದಾಟಿ ಬಕಿಂಗ್‌ಹ್ಯಾಮ್ ಕಾಲುವೆಗೆ ಹೋಗಬೇಕು. ಕೆರೆಯಿಂದ ಕೆರೆಗೆ ಹೋಗೋ ಕಾಲುವೆ ಒಂದು ಹತ್ತು ಮೀಟರ್ ಅಗಲ ಅಂತಿಟ್ಕೊಳ್ಳಿ. ಎರಡೂವರೆ ಮೀಟರಿನ ಚಿತ್ರದಲ್ಲಿ ಅದು 4 ಪಿಕ್ಸೆಲ್. ನೇರ ಉತ್ತರ ದಕ್ಷಿಣವಾಗಿ ಹರಿಯೋ ಕಾಲುವೆಯಾದರೆ, ಹನ್ನೊಂದಕ್ಕೆ ಒಂದು ಎತ್ತಿದಾಗ ಅದು ಸಿಗೋ ಸಾಧ್ಯತೆ ಹನ್ನೊಂದರಲ್ಲಿ ನಾಲ್ಕು. ಹನ್ನೊಂದರಲ್ಲಿ ಏಳು ಸಲ ಇಡೀ ಕಾಲುವೆ ಮಾಯ. ಓರೆಯಾಗಿ ಹರಿದರೆ ತುಂಡು ತುಂಡು. ಅದನ್ನ ನೋಡಿದವರು ‘ಇಲ್ಲಿ ಕಾಲುವೆ ಒತ್ತುವರಿ ಆಗಿದೆ’ ಅಂತಲೂ ಅನ್ನಬಹುದು, ‘ಇಲ್ಲಿ ಕಾಲುವೆಯೇ ಇಲ್ಲ’ ಅಂತಲೂ ಅನ್ನಬಹುದು. ಎರಡೂ ತಪ್ಪು. ಆ ಚಿತ್ರ ಮೀಟಿಂಗ್‌ಗೆ ಹೋಗುತ್ತೆ, ಸ್ಲೈಡ್ ಆಗುತ್ತೆ, ಯಾರದ್ದೋ ತೀರ್ಮಾನ ಆಗುತ್ತೆ.

ಸರಾಸರಿ ತೆಗೆದು ಇಳಿಸಿದರೆ ಕಾಲುವೆ ಮಾಯ ಆಗಲ್ಲ, ಮಂಕಾಗುತ್ತೆ. 2020ರಲ್ಲಿ 3.2 ಆವೃತ್ತಿ ಬಂದಾಗಿನಿಂದ ಮ್ಯಾಟ್‌ಪ್ಲಾಟ್‌ಲಿಬ್ ಚಿತ್ರ ಕುಗ್ಗಿಸೋವಾಗ ತಾನಾಗಿ ಈ ಥರ ಅಕ್ಕಪಕ್ಕದ್ದನ್ನ ಬೆರೆಸುತ್ತೆ. ಚಿಕ್ಕದಾದರೂ ಎದ್ದು ಕಾಣಲೇಬೇಕು ಅನ್ನೋ ವಸ್ತು ಇದ್ದರೆ, ಪ್ರತಿ ಚೌಕದ ಗರಿಷ್ಠ ಅಥವಾ ಕನಿಷ್ಠ ಬೆಲೆ ತಗೋಬೇಕು. ಒಂದೊಂದು ವಿಧಾನ ಒಂದೊಂದನ್ನ ಉಳಿಸುತ್ತೆ, ಒಂದೊಂದನ್ನ ಬೀಳಿಸುತ್ತೆ. ಅವತ್ತು ಹಟ್ಟಿ ಬೀಳಬೇಕಾ ಕೋಟೆ ಉಳೀಬೇಕಾ ಅಂತ ಕೂತು ತೀರ್ಮಾನಿಸಿದ ಹಾಗೇ. ಅವತ್ತಿನ ನಕ್ಷೆಯ ಅಂಚಿನಲ್ಲಿ ಅಳತೆಯನ್ನಾದರೂ ಬರೀತಿದ್ದರು. ನಮ್ಮ ಸ್ಲೈಡ್‌ನಲ್ಲಿ ಅದೂ ಇರಲ್ಲ.

ಧರಣಿ

ಇದೇ ಊರಿನಲ್ಲಿ ಈಗ ಇನ್ನೊಂದು ಸರ್ವೆ ನಡೀತಿದೆ. ಐಐಟಿ ಮದ್ರಾಸಿನಲ್ಲಿ 2022ರಲ್ಲಿ ಸುಧಾ ಗೋಪಾಲಕೃಷ್ಣನ್ ಬ್ರೇನ್ ಸೆಂಟರ್ ಆರಂಭವಾಯ್ತು. ನಮ್ಮ ಬೆಂಗಳೂರಿನ ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ನೆರವು ಇದಕ್ಕಿದೆ. ಮನುಷ್ಯನ ಮೆದುಳನ್ನ ತೆಳ್ಳಗೆ ಪದರ ಪದರವಾಗಿ ಕತ್ತರಿಸಿ, ಒಂದೊಂದು ಕೋಶವೂ ಕಾಣೋ ಹಾಗೆ ಚಿತ್ರ ತೆಗೀತಾರೆ. 2024ರ ಡಿಸೆಂಬರ್‌ನಲ್ಲಿ ಭ್ರೂಣದ ಮೆದುಳಿನ 5,132 ಪದರಗಳ ಅಟ್ಲಾಸ್ ಹೊರತಂದರು. ಅದಕ್ಕಿಟ್ಟ ಹೆಸರು ‘ಧರಣಿ’. ಭೂಮಿ! ಪರಂಗಿಮಲೈಯಿಂದ ಶುರುವಾದ ಭೂಮಿಯ ನಕ್ಷೆ ನೆನಪಾಗದೇ ಇರುತ್ತಾ?

ಗಾತ್ರ ಊಹಿಸೋಕೆ ಒಂದು ಲೆಕ್ಕ ಮಾಡೋಣ. 4 ಸೆಂಟಿಮೀಟರ್ ಸಲ 5 ಸೆಂಟಿಮೀಟರಿನ ಒಂದು ಪದರ, ಅರ್ಧ ಮೈಕ್ರಾನ್‌ಗೆ ಒಂದು ಪಿಕ್ಸೆಲ್ ಅಂತಿಟ್ಕೊಳ್ಳಿ. 80,000 ಸಲ 1,00,000, ಅಂದರೆ 800 ಕೋಟಿ ಪಿಕ್ಸೆಲ್. ಮೂರು ಬಣ್ಣಕ್ಕೆ 24 ಜಿಬಿ. ಒಂದೇ ಪದರಕ್ಕೆ! ಇದನ್ನ ಹಾಗೇ ‘ಇಮ್‌ಶೋ’ಗೆ ಕೊಡೋರಿಗೆ ಯಾವ ಮಷೀನ್ ಕೊಡಿಸಿದರೂ ಸಾಲಲ್ಲ.

ಇಂಥ ಚಿತ್ರಗಳಿಗೆ ಜಗತ್ತಿನಾದ್ಯಂತ ಇರೋ ದಾರಿ ಟೊಪೋಶೀಟ್‌ನದ್ದೇ. ಮೂಲ ಚಿತ್ರ, ಅದರ ಅರ್ಧ ಅಳತೆಯದ್ದು, ಅದರ ಅರ್ಧದ್ದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುಂಚೆಯೇ ಮಾಡಿಟ್ಟು, ಪ್ರತಿಯೊಂದನ್ನೂ ಚೌಕಗಳಾಗಿ ಕತ್ತರಿಸಿಡೋದು. ಪಿರಮಿಡ್ ಅಂತ ಹೆಸರು. ನೋಡೋರು ಎಲ್ಲಿ, ಎಷ್ಟು ಹತ್ತಿರದಿಂದ ನೋಡ್ತಾರೋ ಆ ಚೌಕ ಮಾತ್ರ ಮೆಮೊರಿಗೆ ಬರುತ್ತೆ. ಎಲ್ಲ ಮೆಟ್ಟಿಲೂ ಸೇರಿದರೆ ಡಿಸ್ಕ್‌ನಲ್ಲಿ ಮೂಲದ ಮೂರನೇ ಒಂದು ಭಾಗದಷ್ಟು ಹೆಚ್ಚು ಜಾಗ ಬೇಕು, ಅಷ್ಟೇ. ಅದಕ್ಕೆ ಬದಲಾಗಿ 8 ಜಿಬಿ ಲ್ಯಾಪ್‌ಟಾಪ್ ಇರೋ ಹಾವೇರಿಯ ಹುಡುಗಿಯೂ, ದೊಡ್ಡ ಸರ್ವರ್ ಇರೋ ಲ್ಯಾಬ್‌ನವರೂ ಒಂದೇ ಕೋಶವನ್ನ ನೋಡಬಹುದು. ದೊಡ್ಡ ಮಷೀನ್ ಕೊಂಡವರಿಗೆ ಮಾತ್ರ ಕಾಣೋ ಚಿತ್ರಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಆಫೀಸಿಗೆ ಹೋದ ಮೇಲೆ

ಕೆಲಸಕ್ಕೆ ಬರೋ ನಾಲ್ಕು ಮಾತು. ಫೈಲನ್ನ ಪೂರ್ತಿ ಓದಬೇಡಿ, ಮೆಮ್‌ಮ್ಯಾಪ್ ಮಾಡಿ, ಬೇಕಾದ ಕಿಟಕಿಯಷ್ಟನ್ನ ಮಾತ್ರ ಓದಿ. ಉಪಗ್ರಹ ಚಿತ್ರ ಆದರೆ ಜಿಡಾಲ್‌ನಲ್ಲಿ ಓವರ್‌ವ್ಯೂ ಕಟ್ಟಿಡಿ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಕೊಡೋ ಮುಂಚೆಯೇ ಪರದೆಯ ಅಳತೆಗೆ ಇಳಿಸಿ, ಫಿಗರ್ ಮುಗಿದ ಮೇಲೆ ಮುಚ್ಚಿ. ಇಳಿಸೋ ವಿಧಾನವನ್ನ ನೀವೇ ಆರಿಸಿ, ಡೀಫಾಲ್ಟ್‌ಗೆ ಬಿಡಬೇಡಿ.

ಕೊನೆಗೆ, ಚಿತ್ರದ ಕೆಳಗೆ ಒಂದು ಸಾಲು ಬರೀರಿ: ‘11 ಪಟ್ಟು ಕುಗ್ಗಿಸಿದೆ, ಸರಾಸರಿ ವಿಧಾನ, 27 ಮೀಟರಿಗಿಂತ ಸಣ್ಣದು ಸರಿಯಾಗಿ ಕಾಣುವುದಿಲ್ಲ.’ ಇದಕ್ಕೆ ರ‍್ಯಾಮ್ ಬೇಕಿಲ್ಲ. ನೋಡೋರಿಗೆ ಏನು ಕಾಣ್ತಿಲ್ಲ ಅನ್ನೋದು ಗೊತ್ತಿದ್ದರೆ, ಕಾಲುವೆ ಇಲ್ಲ ಅನ್ನೋ ಮುಂಚೆ ಒಂದು ಸಲ ಹತ್ತಿರ ಹೋಗಿ ನೋಡ್ತಾರೆ.